ಇಂಡಿಯಾನಾಪೊಲಿಸ್‌ನ ಆಟದ ಜಾತ್ರೆಯಲ್ಲಿ ನಮ್ಮ ನಗೆಚಿತ್ರ

ಬುಧವಾರ, 2017 ಆಗಸ್ಟ್ 16

ಶಿಕಾಗೋದಿಂದ ಇಂಡಿಯಾನಾಪೊಲಿಸ್‌ಗೆ ಐ-65 ಹೆದ್ದಾರಿಯಲ್ಲಿ ಸುಮಾರು 180 ಮೈಲಿ. ದಾರಿಯುದ್ದಕ್ಕೂ ಮುಸುಕಿನ ಜೋಳದ ಹೊಲ, ಸೋಯಾ ಹೊಲ, ಮತ್ತೆ ಮುಸುಕಿನ ಜೋಳದ ಹೊಲ. ವೈಟ್ ಕೌಂಟಿಯ ಬಯಲಿನಲ್ಲಿ ಮಾತ್ರ ನೂರಾರು ಗಾಳಿಯಂತ್ರಗಳು ಸಾಲುಗಟ್ಟಿ ತಿರುಗುತ್ತಿರುತ್ತವೆ. ಅದನ್ನು ಬಿಟ್ಟರೆ ನೋಡಿ ಹೇಳುವಂಥದ್ದು ಹೆಚ್ಚೇನಿಲ್ಲ. ನಡುದಾರಿಯಲ್ಲಿ ಈಸ್ಟರ್ನ್ ಸಮಯವಲಯ ಆರಂಭವಾಗುವುದರಿಂದ ಗಡಿಯಾರ ಒಂದು ಗಂಟೆ ಮುಂದಕ್ಕೆ ಹೋಗುತ್ತದೆ. ಹಾಗಾಗಿ ಮಧ್ಯಾಹ್ನ ಊಟ ಮುಗಿಸಿ ಹೊರಟ ನಾವು ಊರು ಮುಟ್ಟುವ ಹೊತ್ತಿಗೆ ಸಂಜೆಯಾಗಿತ್ತು. ವ್ಯಾನಿನಲ್ಲಿ ನಿರ್ದೇಶಕ, ಇಬ್ಬರು ನಟರು, ಸಂಕಲನಕಾರನಾದ ನಾನು, ಎರಡು ಹಾರ್ಡ್ ಡಿಸ್ಕ್, ಒಂದು ಸುರುಳಿ ಸುತ್ತಿದ ಬ್ಯಾನರ್ ಮತ್ತು ಎರಡು ಪೆಟ್ಟಿಗೆ ಕರಪತ್ರಗಳಿದ್ದವು.

ನಮ್ಮದು 84 ನಿಮಿಷದ ನಗೆಚಿತ್ರ. ಯಾವ ಸ್ಟುಡಿಯೋದ ಹಣವೂ ಇಲ್ಲದೆ, ವಾರಾಂತ್ಯಗಳಲ್ಲಿ, ಸ್ನೇಹಿತರೊಬ್ಬರ ಮನೆಯ ನೆಲಮಾಳಿಗೆಯಲ್ಲಿ ಚಿತ್ರೀಕರಿಸಿದ್ದು. ವರ್ಷಗಟ್ಟಲೆ ಒಂದೇ ಮೇಜಿನ ಸುತ್ತ ಕುಳಿತು ಒಂದೇ ಸಾಹಸಕಥೆಯನ್ನು ಪಾತ್ರಾಭಿನಯದ ಆಟವಾಗಿ ಆಡುತ್ತ ಬಂದಿರುವ ನಾಲ್ವರು ಗೆಳೆಯರಿದ್ದಾರೆ; ಒಬ್ಬ ಕಥೆ ನಡೆಸುತ್ತಾನೆ, ಉಳಿದವರು ಅದರೊಳಗಿನ ಪಾತ್ರಗಳಾಗಿ ಆಡುತ್ತಾರೆ, ಅವರ ಸಾಹಸ ಫಲಿಸಿತೋ ಇಲ್ಲವೋ ಎಂಬುದನ್ನು ದಾಳ ಹೇಳುತ್ತದೆ. ಆಟ ನಡೆಸುವ ಗೇಮ್ ಮಾಸ್ಟರ್‌ಗೆ ಬೇರೆ ಊರಿನಲ್ಲಿ ಕೆಲಸ ಸಿಕ್ಕಿರುವುದರಿಂದ ಅವನು ಆ ರಾತ್ರಿ ಕಥೆಯನ್ನು ಮುಗಿಸಲೇಬೇಕು. ಉಳಿದ ಮೂವರು ಅದನ್ನು ಮುಗಿಯಗೊಡುವುದಿಲ್ಲ. ಕಥೆ ಇಷ್ಟೇ. ಸಾಮಾನ್ಯ ಚಿತ್ರೋತ್ಸವಗಳಲ್ಲಿ ಜನ ಸೌಜನ್ಯದಿಂದ ನಕ್ಕಿದ್ದರು, ಕೊನೆಯಲ್ಲಿ ಚಪ್ಪಾಳೆಯನ್ನೂ ತಟ್ಟಿದ್ದರು. ಆದರೆ ಪ್ರತಿ ಕಡೆಯೂ ಯಾರಾದರೊಬ್ಬರು ಹತ್ತಿರ ಬಂದು, ಆಟದ ನಿಯಮದ ಬಗ್ಗೆ ಏಳು ನಿಮಿಷ ನಡೆಯುವ ಆ ಜಗಳವನ್ನು ಕತ್ತರಿಸಿಬಿಡಿ ಎಂದು ಬುದ್ಧಿ ಹೇಳಿ ಹೋಗುತ್ತಿದ್ದರು. ಕತ್ತರಿ ನನ್ನ ಕೈಯಲ್ಲಿದ್ದುದರಿಂದ ಆ ಮಾತು ನನ್ನನ್ನೇ ಹೆಚ್ಚು ಕಾಡುತ್ತಿತ್ತು. ಆಟಗಾರರೇ ತುಂಬಿದ ಸಭಾಂಗಣದಲ್ಲಿ ಅದನ್ನೊಮ್ಮೆ ತೋರಿಸಿ ನೋಡದೆ ಕತ್ತರಿ ಹಾಕುವುದಿಲ್ಲ ಎಂದು ಹಟ ಹಿಡಿದಿದ್ದೆ.

ಅಂಥ ಸಭಾಂಗಣ ಸಿಗಬೇಕೆಂದರೆ, ಮೇಜಿನಾಟ ಆಡುವವರು ವರ್ಷಕ್ಕೊಮ್ಮೆ ಸೇರುವ ಸಮಾವೇಶವಾದ ಜೆನ್ ಕಾನ್‌ಗಿಂತ ಬೇರೆ ಜಾಗವಿಲ್ಲ. 1968ರಲ್ಲಿ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಸಣ್ಣ ಊರಿನಲ್ಲಿ ಗ್ಯಾರಿ ಗೈಗ್ಯಾಕ್ಸ್ ಅಲ್ಲಿನ ಹಾರ್ಟಿಕಲ್ಚರಲ್ ಹಾಲ್ ಅನ್ನು 50 ಡಾಲರಿಗೆ ಬಾಡಿಗೆ ಹಿಡಿದು ಯುದ್ಧದಾಟದ ಹವ್ಯಾಸಿಗಳನ್ನು ಸೇರಿಸಿದಾಗ ಬಂದವರು ನೂರರ ಆಸುಪಾಸು. ಆರು ವರ್ಷದ ಬಳಿಕ, 1974ರಲ್ಲಿ, ಅವರೇ ಡೇವ್ ಆರ್ನೆಸನ್ ಜೊತೆಗೂಡಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟವನ್ನು ಹೊರತಂದರು; ನಮ್ಮ ಚಿತ್ರದ ನಾಲ್ವರು ಆಡುವ ಆಟದ ಮೂಲ ಅದೇ. ಸಮಾವೇಶ 1985ರಲ್ಲಿ ಮಿಲ್ವಾಕಿಗೆ ಹೋಯಿತು, 2003ರಲ್ಲಿ ಇಂಡಿಯಾನಾಪೊಲಿಸ್‌ಗೆ ಬಂದು ಅಲ್ಲೇ ಉಳಿಯಿತು. ಈ ಸಲದ್ದು 50ನೆಯದು. ಒಳಗೆ ಹೋಗಲು ಬೇಕಾದ ಬ್ಯಾಡ್ಜ್‌ಗಳೆಲ್ಲ ಮುಂಚಿತವಾಗಿಯೇ ಮಾರಾಟವಾಗಿ ಮುಗಿದಿದ್ದವು. ಅದರ ಇತಿಹಾಸದಲ್ಲಿ ಹಾಗಾದದ್ದು ಇದೇ ಮೊದಲು.

ಪೇಟೆಯ ನಡುವಿನ ಹೋಟೆಲ್ ಕೋಣೆಗಳನ್ನು ತಿಂಗಳುಗಳ ಮೊದಲೇ ಚೀಟಿ ಎತ್ತಿದಂತೆ ಸರದಿ ಹಂಚಿ ಕೊಡುತ್ತಾರೆ. ನಮ್ಮ ಸರದಿ ಬರುವ ವೇಳೆಗೆ ಉಳಿದಿದ್ದದ್ದು ವಿಮಾನ ನಿಲ್ದಾಣದ ಹತ್ತಿರದ ಹೋಟೆಲುಗಳು. ಸಾಮಾನು ಅಲ್ಲಿಟ್ಟು ರಾತ್ರಿಯೇ ಹೋಗಿ ಬ್ಯಾಡ್ಜ್ ಪಡೆದುಕೊಂಡೆವು. ಸಾಲು ಕನ್ವೆನ್ಷನ್ ಸೆಂಟರಿನ ಒಳಗೆ ಮೂಲೆಗಳನ್ನು ಸುತ್ತಿ ಹೊರಗಿನವರೆಗೂ ಬಂದಿತ್ತು. ಆದರೆ ಯಾರೂ ಗೊಣಗುತ್ತಿರಲಿಲ್ಲ. ಸಾಲಿನಲ್ಲೇ ನೆಲದ ಮೇಲೆ ಕುಳಿತು ಇಸ್ಪೀಟಿನಂಥ ಎಲೆಗಳನ್ನು ಹಂಚಿಕೊಂಡು ಆಡುತ್ತ, ಸಾಲು ಸರಿದಂತೆ ಆಟವನ್ನೂ ಎತ್ತಿಕೊಂಡು ಸರಿಯುತ್ತಿದ್ದರು.

ಗುರುವಾರ

ಬೆಳಿಗ್ಗೆ 10 ಗಂಟೆಗೆ ಪ್ರದರ್ಶನ ಮಳಿಗೆಯ ಬಾಗಿಲು ತೆರೆಯುತ್ತದೆ. ಹೊಸ ಆಟಗಳ ಮೊದಲ ಪ್ರತಿಗಳು ಮಧ್ಯಾಹ್ನಕ್ಕೆ ಮುಂಚೆಯೇ ಮುಗಿದುಹೋಗುತ್ತವೆಂದು ಜನ ಆಗಲೇ ಬಾಗಿಲ ಮುಂದೆ ಒತ್ತೊತ್ತಾಗಿ ನಿಂತಿದ್ದರು. ಕರಪತ್ರ ಹಂಚುವವರಿಗೆ ಇದು ಒಳ್ಳೆಯ ಹೊತ್ತೆಂದು ಬಗೆದು ಹೋದ ನಮಗೆ, ಒಳನುಗ್ಗುವ ಆತುರದಲ್ಲಿರುವ ಮನುಷ್ಯ ಕೈ ಚಾಚಿ ಏನನ್ನೂ ತೆಗೆದುಕೊಳ್ಳುವುದಿಲ್ಲ ಎಂಬುದು ಕೂಡಲೇ ತಿಳಿಯಿತು. ಕರಪತ್ರಗಳು ಖರ್ಚಾದದ್ದು ಆಹಾರದ ಗಾಡಿಗಳ ಮುಂದೆ. ಅಲ್ಲಿ ಜನ ಅರ್ಧ ಗಂಟೆ ಸಾಲು ನಿಲ್ಲುತ್ತಾರೆ, ಕೈಯಲ್ಲಿ ಬೇರೆ ಕೆಲಸವಿರುವುದಿಲ್ಲ.

ಕರಪತ್ರವನ್ನು ನಿರ್ದೇಶಕ ಜಾಣತನದಿಂದ ಮಾಡಿಸಿದ್ದ. ಈ ಆಟದಲ್ಲಿ ಪ್ರತಿ ಆಟಗಾರನೂ ತನ್ನ ಪಾತ್ರದ ಬಲ, ಬುದ್ಧಿ, ಚುರುಕುತನಗಳನ್ನು ಅಂಕಿಗಳಲ್ಲಿ ಬರೆದಿಟ್ಟುಕೊಳ್ಳುವ ಒಂದು ಹಾಳೆಯಿರುತ್ತದೆ. ನಮ್ಮ ಕರಪತ್ರ ಅದೇ ನಮೂನೆಯದು: ಮುಂಬದಿಯಲ್ಲಿ ಗೇಮ್ ಮಾಸ್ಟರನ ಪಾತ್ರಹಾಳೆ, ಅದರಲ್ಲಿ 'ತಾಳ್ಮೆ' ಎಂಬ ಸಾಲಿನ ಅಂಕಿಯನ್ನು ಮತ್ತೆ ಮತ್ತೆ ಹೊಡೆದು ಕಡಿಮೆ ಮಾಡಿ ಬರೆಯಲಾಗಿದೆ, ಹಿಂಬದಿಯಲ್ಲಿ ಪ್ರದರ್ಶನದ ಹೊತ್ತು ಮತ್ತು ಸ್ಥಳ. ಓದಿದವರು ಅಲ್ಲೇ ನಿಂತು ನಗುತ್ತಿದ್ದರು. ಆದರೆ ನಗು ಬೇರೆ, ಶುಕ್ರವಾರ ರಾತ್ರಿ 8 ಗಂಟೆಗೆ ಬಂದು ಕೂರುವುದು ಬೇರೆ. ಇಲ್ಲಿ ನಾಲ್ಕು ದಿನದಲ್ಲಿ ಸಾವಿರಾರು ಆಟದ ಕೂಟಗಳು ನಡೆಯುತ್ತವೆ, ಅವಕ್ಕೆ ಮೇ ತಿಂಗಳಿನಲ್ಲಿಯೇ ಹೆಸರು ನೋಂದಾಯಿಸಿ ಜನ ತಮ್ಮ ಒಂದೊಂದು ಗಂಟೆಯನ್ನೂ ಹಂಚಿಟ್ಟುಕೊಂಡಿರುತ್ತಾರೆ. ಸಿನಿಮಾಕ್ಕೆ ಬರುವವನು ಒಂದು ಆಟವನ್ನು ಬಿಟ್ಟು ಬರಬೇಕು. ನಮಗೆ ಸಿಗುವವರು ಯಾರೆಂದರೆ ಆಟ ರದ್ದಾದವರು, ಕಾಲು ನೋಯುವವರು ಮತ್ತು ಜೇಬಿನಲ್ಲಿ ಜೆನೆರಿಕ್ ಟಿಕೆಟ್ ಇಟ್ಟುಕೊಂಡು ಅಡ್ಡಾಡುವವರು. ಯಾವ ಕೂಟದಲ್ಲಿ ಜಾಗ ಉಳಿದಿದ್ದರೂ ಕೊಟ್ಟು ಒಳಗೆ ಕೂರಬಹುದಾದ ಆ 2 ಡಾಲರ್ ಚೀಟಿಗಳ ಮೇಲೆಯೇ ನಮ್ಮ ಲೆಕ್ಕಾಚಾರವೆಲ್ಲ ನಿಂತಿತ್ತು.

ಸಂಜೆ ತಾಂತ್ರಿಕ ಪರೀಕ್ಷೆ. ಚಿತ್ರಗಳನ್ನು ತೋರಿಸುವುದು ಕನ್ವೆನ್ಷನ್ ಸೆಂಟರಿಗೆ ಮೇಲ್ಸೇತುವೆಯಿಂದ ಸೇರಿಕೊಂಡಿರುವ ಹೋಟೆಲೊಂದರ ಸಭಾಂಗಣದಲ್ಲಿ. ಮದುವೆಯ ಆರತಕ್ಷತೆಗೂ ಕಂಪನಿಗಳ ಮೀಟಿಂಗಿಗೂ ಕಟ್ಟಿದ ಕೋಣೆ ಅದು. ನೆಲಕ್ಕೆ ದಪ್ಪ ಕಾರ್ಪೆಟ್, ಮೇಲೆ ಗೊಂಚಲು ದೀಪ, ಒಂದು ಬದಿಗೆ ಸರಿಸಬಹುದಾದ ಮಡಿಕೆ ಗೋಡೆ, ಆ ಗೋಡೆಯ ಆಚೆ ಬೇರೆ ಯಾರದೋ ಆಟ. ಚಿತ್ರಮಂದಿರದಲ್ಲಿ ನೆಲ ಇಳಿಜಾರಾಗಿರುತ್ತದೆ, ಇಲ್ಲಿ ಸಮತಟ್ಟು. ಮೂರನೆಯ ಸಾಲಿನಲ್ಲಿ ಕುಳಿತು ನೋಡಿದಾಗ ಮುಂದಿನವರ ತಲೆಗಳು ಪರದೆಯ ಕೆಳಗಿನ ಭಾಗವನ್ನು ಪೂರ್ತಿ ಮುಚ್ಚುತ್ತಿದ್ದವು. ನಮ್ಮ ಚಿತ್ರದಲ್ಲಿ ಐದು ನಿಮಿಷದಷ್ಟು ಮಾತು ಕನ್ನಡದಲ್ಲಿದೆ, ಅದರ ಇಂಗ್ಲಿಷ್ ಅಡಿಬರಹ ಇರುವುದು ಸರಿಯಾಗಿ ಆ ಜಾಗದಲ್ಲೇ.

ಅದಕ್ಕಿಂತ ದೊಡ್ಡ ಸಮಸ್ಯೆ ಧ್ವನಿಯದು. ಪರೀಕ್ಷೆಗೆಂದು ಒಂದು ದೃಶ್ಯ ಹಾಕಿದರೆ ಸಂಗೀತ ಕೇಳುತ್ತಿದೆ, ದಾಳ ಉರುಳುವ ಸದ್ದು ಎಡದಿಂದ ಬಲಕ್ಕೆ ಸೊಗಸಾಗಿ ಹೋಗುತ್ತಿದೆ, ಪಾತ್ರಗಳು ಬಾಯಿ ಆಡಿಸುತ್ತಿವೆ, ಮಾತು ಮಾತ್ರ ಇಲ್ಲ. ಕಾರಣ ಸರಳವಾದದ್ದು. 5.1 ಎಂದು ಕರೆಯುವ ಆರು ಧ್ವನಿಪಥಗಳ ಮಿಶ್ರಣದಲ್ಲಿ ಸಂಭಾಷಣೆಯನ್ನು ಪರದೆಯ ಹಿಂದಿನ ನಡುವಣ ಸ್ಪೀಕರಿಗೆಂದು ಮೀಸಲಿಡುತ್ತಾರೆ. ಈ ಕೋಣೆಯಲ್ಲಿದ್ದದ್ದು ಎಡ, ಬಲ ಎರಡೇ ಸ್ಪೀಕರ್. ಚಿತ್ರವನ್ನು ನಡೆಸುವ ಕಂಪ್ಯೂಟರು ನಡುವಣ ಪಥವನ್ನು ಅವೆರಡಕ್ಕೂ ಹಂಚದೆ ಸುಮ್ಮನೆ ಬಿಟ್ಟುಬಿಡುತ್ತಿತ್ತು. ಉಪಕರಣ ನೋಡಿಕೊಳ್ಳುತ್ತಿದ್ದ ಸ್ವಯಂಸೇವಕ ಇದನ್ನು ಮೊದಲೇ ಕಂಡವನಂತೆ, "ಸ್ಟೀರಿಯೋ ಇದೆಯಾ?" ಎಂದಷ್ಟೇ ಕೇಳಿದ. ಎರಡನೆಯ ಡಿಸ್ಕಿನಲ್ಲಿ ಇತ್ತು. ಹಾಕಿದೆವು, ಮಾತು ಬಂತು. ಆದರೆ ಹವಾನಿಯಂತ್ರಣದ ಗುಂಯ್‌ಗಾಟ ಮತ್ತು ಗೋಡೆಯಾಚೆಯ ಗದ್ದಲದ ನಡುವೆ ಮೆಲುಮಾತುಗಳೆಲ್ಲ ಕರಗಿಹೋಗುತ್ತಿದ್ದವು. ನಗೆಚಿತ್ರದಲ್ಲಿ ಮೆಲುಮಾತೇ ಅರ್ಧ ಬಂಡವಾಳ. ರಾತ್ರಿ ಹೋಟೆಲಿನಲ್ಲಿ ಲ್ಯಾಪ್‌ಟಾಪ್ ಬಿಚ್ಚಿ ಸಂಭಾಷಣೆಯನ್ನು ಮೂರು ಡೆಸಿಬೆಲ್ ಏರಿಸಿ, ಅಡಿಬರಹವನ್ನು ಪರದೆಯ ನೆತ್ತಿಗೆ ತಂದು, ಹೊಸ ಪ್ರತಿ ತಯಾರಾಗಲು ಬಿಟ್ಟು ಮಲಗಿದೆ.

ಶುಕ್ರವಾರ

ಮಧ್ಯಾಹ್ನ ನೇಪರ್‌ವಿಲ್‌ನಿಂದ ನನ್ನ ಸೋದರತ್ತೆ ಮಗನೊಂದಿಗೆ ಬಂದರು. ಚಿತ್ರದಲ್ಲಿ ಒಬ್ಬ ಆಟಗಾರನ ತಾಯಿ ಮೈಸೂರಿನಿಂದ ಫೋನ್ ಮಾಡುವ ದೃಶ್ಯವಿದೆ. ಆ ಧ್ವನಿ ಅತ್ತೆಯದು. ಬ್ಯಾಡ್ಜನ್ನು ಕೊರಳಿಗೆ ಹಾಕಿಕೊಂಡು ಮಳಿಗೆಯೊಳಗೆ ಕಾಲಿಟ್ಟವರೇ, ರಟ್ಟು ಮತ್ತು ಫೋಮಿನಿಂದ ಮಾಡಿದ ಏಳಡಿ ಎತ್ತರದ ರಾಕ್ಷಸನೊಬ್ಬ ಪಕ್ಕದಲ್ಲಿ ನಿಂಬೆ ಶರಬತ್ತು ಕುಡಿಯುತ್ತಿರುವುದನ್ನು ನೋಡಿ, "ಏನೋ ಇದು, ಮಕ್ಕಳು ಮರಿ ಇರೋರೆಲ್ಲ ಆಟ ಆಡೋಕೆ ಸಾಲು ನಿಂತಿದಾರಲ್ಲೋ!" ಎಂದರು. ಅವರ ದನಿಯಲ್ಲಿ ಟೀಕೆಗಿಂತ ಹೊಟ್ಟೆಕಿಚ್ಚೇ ಹೆಚ್ಚಿದ್ದಂತೆ ನನಗೆ ಕಂಡಿತು.

8 ಗಂಟೆಗೆ ಸಭಾಂಗಣ ಮುಕ್ಕಾಲು ತುಂಬಿತ್ತು. ಕೊನೆಯ ಹತ್ತು ನಿಮಿಷದಲ್ಲಿ ಜೆನೆರಿಕ್ ಟಿಕೆಟಿನವರು ಗುಂಪುಗುಂಪಾಗಿ ಬಂದು ಉಳಿದ ಕುರ್ಚಿಗಳನ್ನೂ ತುಂಬಿದರು. ಕೆಲವರು ಊಟದ ಪೊಟ್ಟಣ ಬಿಚ್ಚಿದರು. ಹಿಂದಿನ ಗೋಡೆಗೊರಗಿ ನಿಂತಿದ್ದ ನನಗೆ ಪರದೆ ನೋಡುವ ಅಗತ್ಯವಿರಲಿಲ್ಲ. ಪ್ರತಿ ಚೌಕಟ್ಟೂ ಬಾಯಿಪಾಠ. ನೋಡಬೇಕಾಗಿದ್ದದ್ದು ಹೆಗಲುಗಳನ್ನು.

ಮೊದಲ ನಗು ನಾವು ನಗೆಯೆಂದು ಬಗೆದೇ ಇರದ ಜಾಗದಲ್ಲಿ ಬಂತು. ಆಟ ಶುರುವಾಗುವ ಮುಂಚೆ ಒಬ್ಬ ಪಾತ್ರಧಾರಿ ಚೀಲದಿಂದ ಇಪ್ಪತ್ತು ಮುಖದ ದಾಳಗಳನ್ನು ಒಂದೊಂದಾಗಿ ತೆಗೆದು ಉರುಳಿಸಿ ನೋಡಿ, ಕಡಿಮೆ ಅಂಕಿ ತೋರಿಸಿದ್ದನ್ನು ಎತ್ತಿ ಒಂದು ಲೋಟದ ಕೆಳಗೆ ಬಂಧಿಸಿಡುತ್ತಾನೆ. ಆ ನಟ ಸ್ವತಃ ಆಟಗಾರ. ತನ್ನ ಅಭ್ಯಾಸಬಲದಿಂದ ಹಾಗೆ ಮಾಡಿದ್ದ, ನಾನು ಸುಮ್ಮನೆ ಉಳಿಸಿಕೊಂಡಿದ್ದೆ. ಬೇರೆ ಊರುಗಳಲ್ಲಿ ಆ ಹನ್ನೆರಡು ಸೆಕೆಂಡು ಯಾರಿಗೂ ಏನೂ ಅನ್ನಿಸಿರಲಿಲ್ಲ. ಇಲ್ಲಿ ಇಡೀ ಸಭಾಂಗಣ ಒಂದೇ ಸಲಕ್ಕೆ ನಕ್ಕಿತು, ಏಕೆಂದರೆ ಮಾತು ಕೇಳದ ದಾಳಕ್ಕೆ ಸೆರೆವಾಸ ವಿಧಿಸುವುದು ಅಲ್ಲಿದ್ದವರೆಲ್ಲ ತಮ್ಮ ಮನೆಯ ಮೇಜಿನ ಮೇಲೆ ಮಾಡುವ ಕೆಲಸ. ಆ ನಗು ಇಳಿಯುವ ಮೊದಲೇ ಮುಂದಿನ ಎರಡು ಮಾತುಗಳು ಮುಗಿದುಹೋದವು. ನಗುವಿಗೆಂದು ಸಂಕಲನದಲ್ಲಿ ಎಷ್ಟು ಜಾಗ ಬಿಡಬೇಕೆಂಬುದು ನಮ್ಮ ಕೆಲಸದಲ್ಲಿ ಹಳೆಯ ತಲೆನೋವು: ಕಡಿಮೆ ಬಿಟ್ಟರೆ ಮುಂದಿನ ಮಾತು ಮುಳುಗುತ್ತದೆ, ಹೆಚ್ಚು ಬಿಟ್ಟರೆ ನಗದ ಪ್ರೇಕ್ಷಕರ ಮುಂದೆ ಚಿತ್ರ ಬಾಯಿ ಬಿಟ್ಟುಕೊಂಡು ನಿಂತಂತೆ ಕಾಣುತ್ತದೆ. ರಂಗಭೂಮಿಯ ನಟ ನಗು ಇಳಿಯುವವರೆಗೆ ಕಾಯಬಲ್ಲ, ಪರದೆ ಕಾಯುವುದಿಲ್ಲ.

ಬೇರೆಡೆ ಜನರನ್ನು ಅತಿ ಹೆಚ್ಚು ನಗಿಸಿದ್ದ ದೃಶ್ಯ ಒಂದಿದೆ: ಪಿಜ್ಜಾ ತರುವವನು ನೆಲಮಾಳಿಗೆಯ ಮೆಟ್ಟಿಲಲ್ಲಿ ಜಾರಿ ಬೀಳುವುದು. ಇಲ್ಲಿ ಅದಕ್ಕೆ ಅಲ್ಲೊಂದು ಇಲ್ಲೊಂದು ನಗು, ಅಷ್ಟೇ. ಯಾರೋ ಒಬ್ಬರಂತೂ ಪಿಜ್ಜಾದ ಬಗ್ಗೆ ನಿಜವಾದ ಕಾಳಜಿಯಿಂದ 'ಅಯ್ಯೋ' ಎಂಬ ಉದ್ಗಾರ ತೆಗೆದರು.

ಆಮೇಲೆ ಆ ಏಳು ನಿಮಿಷ ಬಂತು. ಬಾಗಿಲಲ್ಲಿ ನಿಂತವನು ಕೋಣೆಯ ಒಳಗಿದ್ದಾನೆಂದು ಲೆಕ್ಕವೋ ಹೊರಗಿದ್ದಾನೆಂದು ಲೆಕ್ಕವೋ, ಬೆಂಕಿಯ ಮಂತ್ರ ಅವನಿಗೆ ತಟ್ಟುತ್ತದೋ ಇಲ್ಲವೋ ಎಂಬುದೇ ಜಗಳ. ನಿಯಮಪುಸ್ತಕದ ಹಾಳೆ ತಿರುವುತ್ತ, ಹಳೆಯ ಆವೃತ್ತಿಯಲ್ಲಿ ಹೀಗಿತ್ತು ಎಂದು ವಾದಿಸುತ್ತ, ಕೊನೆಗೆ ನಿಜವಾದ ಬಾಗಿಲಲ್ಲಿ ನಿಂತು ಟೇಪು ಹಿಡಿದು ಅಳೆಯುವವರೆಗೆ ಅದು ಬೆಳೆಯುತ್ತದೆ. ಎರಡನೆಯ ನಿಮಿಷಕ್ಕೆ ಪ್ರೇಕ್ಷಕರು ಎರಡು ಪಕ್ಷವಾಗಿದ್ದರು. ಮುಂದಿನ ಸಾಲಿನ ಹೆಂಗಸೊಬ್ಬರು ಎದ್ದು ನಿಂತು ಪರದೆಯ ಮೇಲಿನ ಪಾತ್ರಕ್ಕೆ, ಅವನು ಹೇಳುತ್ತಿರುವುದು ಸರಿ ಎಂದು ಕೂಗಿದರು. ಹಿಂದಿನ ಸಾಲಿನಿಂದ ಅದಕ್ಕೆ ಖಂಡನೆ ಬಂತು. ಅದೇ ಹೊತ್ತಿಗೆ ಮಡಿಕೆ ಗೋಡೆಯ ಆಚೆ ಯಾರೋ ಏನನ್ನೋ ಗೆದ್ದು ದೊಡ್ಡ ಹರ್ಷೋದ್ಗಾರ ಎದ್ದಿತು. ಟೇಪು ಹಿಡಿದ ಪಾತ್ರ ಆ ಕ್ಷಣಕ್ಕೇ ತಲೆಯೆತ್ತಿ ನೋಡಿದ್ದರಿಂದ ಅದಕ್ಕೂ ಒಂದು ನಗು ಸಿಕ್ಕಿತು. ಆ ನಗುವಿನ ಕೀರ್ತಿ ನಮ್ಮದಲ್ಲ.

ಅತ್ತೆಯ ದೃಶ್ಯ ಇದರ ಬೆನ್ನಿಗೇ ಇದೆ. ಸ್ಪೀಕರಿನಲ್ಲಿಟ್ಟ ಫೋನಿನಿಂದ ತಾಯಿ ಮೊದಲು ಆರೋಗ್ಯ ವಿಚಾರಿಸುತ್ತಾರೆ, ಮಗ ಆಟದ ನಡುವೆ ಇದ್ದೇನೆಂದಾಗ ಯಾವ ಆಟ, ಎಷ್ಟು ಬಿತ್ತು ಎಂದು ಕೇಳುತ್ತಾರೆ, ಇಪ್ಪತ್ತಕ್ಕೆ ಇಪ್ಪತ್ತೂ ಬಿದ್ದಿದೆ ಎಂದು ತಿಳಿದ ಕೂಡಲೇ, "ಹಂಗಾದ್ರೆ ಇನ್ನೊಂದಾಟ ಕೊಡ್ಲೇಬೇಕು, ಬಿಟ್ಟುಕೊಡಬೇಡ" ಎಂದು ಅಪ್ಪಣೆ ಮಾಡುತ್ತಾರೆ. ಚೌಕಾಬಾರದಲ್ಲಿ ನಾಲ್ಕು ಕವಡೆಯೂ ಅಂಗಾತ ಬಿದ್ದರೆ ಚೌಕ, ನಾಲ್ಕೂ ಮಗುಚಿ ಬಿದ್ದರೆ ಬಾರ. ಎರಡಕ್ಕೂ ಇನ್ನೊಂದು ಆಟವುಂಟು. ಆ ನಿಯಮವನ್ನು ಅವರು ಸಾಗರದಾಚೆಯಿಂದ ಈ ಆಟಕ್ಕೆ ಹೇರುತ್ತಾರೆ, ಗೇಮ್ ಮಾಸ್ಟರ್ ಜೊತೆ ಹರಕು ಇಂಗ್ಲಿಷಿನಲ್ಲಿ ವಾದಕ್ಕಿಳಿಯುತ್ತಾರೆ, ಮತ್ತು ಗೆಲ್ಲುತ್ತಾರೆ. ನೆತ್ತಿಗೇರಿಸಿದ ಬರಹ ಎಲ್ಲರಿಗೂ ಕಾಣುತ್ತಿತ್ತು. ತಾಯಿ ಗೆದ್ದಾಗ ಜನ ಚಪ್ಪಾಳೆ ತಟ್ಟಿದರು. ಪಕ್ಕದಲ್ಲಿ ಕುಳಿತಿದ್ದ ಅತ್ತೆ ನನ್ನ ತೋಳು ತಿವಿದು, "ನಂದು ಸ್ವಲ್ಪ ಜೋರಾಯ್ತೇನೋ?" ಎಂದು ಪಿಸುಗುಟ್ಟಿದರು, ಅವರ ಮಾತು ಕೇಳಲೆಂದು ನಾನು ಅಷ್ಟು ಹೊತ್ತಿಗೆ ಗೋಡೆ ಬಿಟ್ಟು ಅವರ ಕುರ್ಚಿಯ ಬಳಿ ಮಂಡಿಯೂರಿ ಕುಳಿತಿದ್ದೆ.

ಪ್ರಶ್ನೋತ್ತರದಲ್ಲಿ ಕ್ಯಾಮೆರಾ ಯಾವುದು, ಖರ್ಚೆಷ್ಟು ಎಂದು ಯಾರೂ ಕೇಳಲಿಲ್ಲ. ಚಿತ್ರೋತ್ಸವಗಳಲ್ಲಿ ಅದೇ ಮೊದಲ ಪ್ರಶ್ನೆ. ಇಲ್ಲಿ ಕೇಳಿದ್ದು ಬಾಗಿಲ ತೀರ್ಮಾನ ಯಾವ ಪುಟದ ಆಧಾರದ ಮೇಲೆ ಎಂದು. ಎರಡನೆಯ ಪ್ರಶ್ನೆ ಫೋನಿನ ತಾಯಿಯ ಆಟದ ಬಗ್ಗೆ. ಅತ್ತೆಯನ್ನು ಮುಂದೆ ಕರೆದೆವು. ಅವರು ನಮ್ಮ ಕರಪತ್ರವೊಂದರ ಅಂಚಿನಲ್ಲಿ ಐದಕ್ಕೈದು ಮನೆ ಗೀಚಿ, ನಾಲ್ಕು ಬದಿಯ ನಡುಮನೆಗೂ ನಟ್ಟನಡುವಿನ ಮನೆಗೂ ಕತ್ತರಿ ಗುರುತು ಹಾಕಿ, ಕಾಯಿ ಹೊರಸುತ್ತು ಮುಗಿಸಿ ಒಳಸುತ್ತಿಗೆ ಇಳಿಯಬೇಕಾದರೆ ಮೊದಲು ಎದುರಾಳಿಯ ಒಂದು ಕಾಯನ್ನಾದರೂ ಹೊಡೆದಿರಬೇಕು, ನಡುಮನೆ ಸೇರಿದ ಕಾಯಿ ಹಣ್ಣು ಎಂದು ವಿವರಿಸಿದರು. ಅತ್ತೆಯ ಮಗ ಇಂಗ್ಲಿಷಿಗೆ ತಿರುಗಿಸುತ್ತಿದ್ದ. ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ತಾವೇ ಹೊಸ ಹೊಸ ಮಣೆಯಾಟಗಳನ್ನೂ ಗಂಜೀಫ ಎಲೆಗಳ ಆಟಗಳನ್ನೂ ರಚಿಸಿದ್ದರೆಂದು ನಾನು ಒಂದು ಮಾತು ಸೇರಿಸಿದೆ. 1868ರಲ್ಲಿ ತೀರಿಕೊಂಡ ಒಬ್ಬ ಅರಸ ಆಟಗಳನ್ನು ರಚಿಸುತ್ತಿದ್ದ ಎಂಬ ಸಂಗತಿ ಚಿತ್ರದ ಯಾವ ಹಾಸ್ಯಕ್ಕಿಂತಲೂ ಹೆಚ್ಚಾಗಿ ಆ ಸಭೆಯನ್ನು ಹಿಡಿದು ನಿಲ್ಲಿಸಿತು. ಸಭಾಂಗಣ ತೆರವು ಮಾಡುವ ಹೊತ್ತು ಮೀರಿ ಸ್ವಯಂಸೇವಕರು ದೀಪ ಮಿನುಗಿಸಿದ ಮೇಲೆಯೇ ನಾವು ಹೊರಬಂದದ್ದು.

ಶನಿವಾರ

ಎರಡನೆಯ ಪ್ರದರ್ಶನ ಬೆಳಿಗ್ಗೆ 9ಕ್ಕೆ. ಅದೇ ಕೋಣೆ, ಅದೇ ಪ್ರತಿ, ಅದೇ ಜಾತಿಯ ಪ್ರೇಕ್ಷಕರು; ಬಂದವರು ಮಾತ್ರ ಇಪ್ಪತ್ತರ ಒಳಗೆ, ಅವರೂ ಎರಡೆರಡು ಸಾಲು ಬಿಟ್ಟು ದೂರ ದೂರ ಕುಳಿತವರು. ದಾಳದ ಸೆರೆವಾಸಕ್ಕೆ ಮೂಗಿನಲ್ಲೇ ಒಂದು ಉಸಿರು ಕೇಳಿಸಿತು. ಬಾಗಿಲ ಜಗಳಕ್ಕೆ ಒಬ್ಬ ಮುದುಕರು ತಲೆಯಾಡಿಸಿದರು. ಅತ್ತೆ ಗೆದ್ದಾಗ ಯಾರೂ ಚಪ್ಪಾಳೆ ತಟ್ಟಲಿಲ್ಲ. ಮುಗಿದ ಮೇಲೆ ಆ ಮುದುಕರೇ ಬಂದು ಇಷ್ಟು ನಕ್ಕು ಬಹಳ ಕಾಲವಾಗಿತ್ತು ಎಂದರು. ಅವರು ನಕ್ಕದ್ದು ನಮಗೆ ಕಾಣಿಸಿರಲಿಲ್ಲ. ನಿರ್ದೇಶಕ ಶುಕ್ರವಾರದ ಗೆಲುವಿನಿಂದ ಇನ್ನೂ ಕೆಳಗಿಳಿದಿರಲಿಲ್ಲ. ಈ ಪ್ರದರ್ಶನದಿಂದ ಅವನ ಮುಖ ಸಪ್ಪಗಾಯಿತು. ನನಗನ್ನಿಸಿದ್ದು ಬೇರೆ. ಶುಕ್ರವಾರ ನಕ್ಕವರು ಅರ್ಧ ನಮ್ಮ ಚಿತ್ರಕ್ಕೆ ನಕ್ಕಿದ್ದರು, ಇನ್ನರ್ಧ ತಮ್ಮಂಥವರೇ ಸುತ್ತ ಇದ್ದಾರೆಂಬ ಖುಷಿಗೆ ನಕ್ಕಿದ್ದರು. ಅದನ್ನು ಪೂರ್ತಿಯಾಗಿ ನಮ್ಮ ಖಾತೆಗೆ ಜಮಾ ಮಾಡಿಕೊಳ್ಳುವುದು ಸರಿಯಲ್ಲ. ಹಾಗೆಂದು ಶನಿವಾರದ ಮೌನವನ್ನು ಪೂರ್ತಿ ನಮ್ಮ ಸಾಲವೆಂದು ಬರೆದುಕೊಳ್ಳುವುದೂ ಅನ್ಯಾಯ.

ಮಧ್ಯಾಹ್ನ ವೇಷಧಾರಿಗಳ ಮೆರವಣಿಗೆಗೆ ಕಟ್ಟಡದ ಓಣಿಗಳೆಲ್ಲ ಕಟ್ಟಿಹೋದವು. ರಾತ್ರಿ ಕಾರ್ಡ್‌ಹಲ್ಲಾ ನೋಡಿದೆವು: ಯಾರು ಬೇಕಾದರೂ ಬಂದು ಆಟದ ಎಲೆಗಳನ್ನು ಅಂಟಿಲ್ಲದೆ ಒಂದರ ಮೇಲೊಂದು ನಿಲ್ಲಿಸಿ ಗೋಪುರ ಕಟ್ಟುತ್ತ ಬಂದಿರುತ್ತಾರೆ, ಶನಿವಾರ ರಾತ್ರಿ ಜನ ಸುತ್ತ ನಿಂತು ನಾಣ್ಯ ಎಸೆದು ಅವನ್ನು ಉರುಳಿಸುತ್ತಾರೆ, ಬಿದ್ದ ನಾಣ್ಯಗಳು ದಾನಕ್ಕೆ ಹೋಗುತ್ತವೆ. ನಮ್ಮ ನಟನೊಬ್ಬ ಜೇಬಿನ ಚಿಲ್ಲರೆಯನ್ನೆಲ್ಲ ಎಸೆದೂ ಒಂದು ಎಲೆಯನ್ನೂ ಅಲುಗಿಸಲಾಗಲಿಲ್ಲ.

ಭಾನುವಾರ

ಕೊನೆಯ ದಿನ ಮಕ್ಕಳೇ ಹೆಚ್ಚು. ಮಳಿಗೆ ಸಂಜೆ 4ಕ್ಕೆ ಮುಚ್ಚುತ್ತದೆ. ಗೆಳೆಯರ ಮಳಿಗೆಯ ಮೂಲೆಯಲ್ಲಿಟ್ಟಿದ್ದ ನಮ್ಮ ಡಿವಿಡಿಗಳು ಪೆಟ್ರೋಲ್ ಖರ್ಚಿಗಾಗುವಷ್ಟು ಹೋಗಿದ್ದವು, ಹೋಟೆಲ್ ಖರ್ಚಿಗಾಗುವಷ್ಟು ಹೋಗಿರಲಿಲ್ಲ. ಮರುದಿನ, ಆಗಸ್ಟ್ 21ರಂದು, ಪೂರ್ಣ ಸೂರ್ಯಗ್ರಹಣ. ಸಮಾವೇಶಕ್ಕೆ ಬಂದವರಲ್ಲಿ ಬಹಳ ಮಂದಿ ಅಲ್ಲಿಂದಲೇ ನೆರಳಿನ ಹಾದಿಯಿದ್ದ ಕೆಂಟಕಿಯ ಹಾಪ್ಕಿನ್ಸ್‌ವಿಲ್ ಕಡೆಗೋ ಇಲಿನಾಯ್‌ನ ಕಾರ್ಬನ್‌ಡೇಲ್ ಕಡೆಗೋ ಕಾರು ತಿರುಗಿಸುತ್ತಿದ್ದರು. ನಟರಿಬ್ಬರೂ ಆ ಗುಂಪಿಗೆ ಸೇರಿಕೊಂಡರು. ನಿರ್ದೇಶಕನಿಗೆ ಸೋಮವಾರ ಆಫೀಸು.

ಹಿಂತಿರುಗುವ ದಾರಿಯಲ್ಲಿ ಅವನು ಎರಡು ಆವೃತ್ತಿ ಮಾಡೋಣ ಎಂದ: ಆಟಗಾರರಿಗೊಂದು, ಉಳಿದವರಿಗೊಂದು. ನಾನು ಒಪ್ಪಲಿಲ್ಲ. ಉಳಿದವರಿಗೆಂದು ನಾವು ಆಗಲೇ ಸಾಕಷ್ಟು ಕೆಡಿಸಿದ್ದೆವು. ಚಿತ್ರದ ಮೊದಲ ನಾಲ್ಕು ನಿಮಿಷ ಈ ಆಟವೆಂದರೇನು ಎಂದು ಹಿನ್ನೆಲೆ ಧ್ವನಿಯಲ್ಲಿ ಪಾಠ ಹೇಳುತ್ತದೆ, ಅದಕ್ಕೆ ಶುಕ್ರವಾರದ ತುಂಬಿದ ಸಭೆಯೂ ಕೆಮ್ಮಿತ್ತು, ಶನಿವಾರದವರೂ ಫೋನ್ ನೋಡಿದ್ದರು. ಆಟ ಗೊತ್ತಿಲ್ಲದವರಿಗೂ ಅದರಿಂದ ಏನೂ ದಕ್ಕಿರಲಿಲ್ಲ. ಬಾಗಿಲಲ್ಲಿ ನಿಂತು ಟೇಪು ಹಿಡಿದು ಜಗಳವಾಡುವವರನ್ನು ಕಂಡರೆ ಸಾಕು, ಆಟ ಎಷ್ಟು ಗಂಭೀರವಾದದ್ದೆಂದು ಯಾರಿಗಾದರೂ ತಿಳಿಯುತ್ತದೆ. ಲಫಾಯೆಟ್ ದಾಟುವಷ್ಟರಲ್ಲಿ ಒಂದೇ ಆವೃತ್ತಿ, ಪಾಠಕ್ಕೆ ಕತ್ತರಿ, ಜಗಳದ ಏಳು ನಿಮಿಷ ಹಾಗೇ, ದಾಳದ ಸೆರೆವಾಸದ ನಂತರ ಎರಡು ಸೆಕೆಂಡು ಹೆಚ್ಚು ಜಾಗ ಎಂಬಲ್ಲಿಗೆ ಬಂದೆವು. ಕನ್ನಡದ ಭಾಗದ ಬರಹ ಎಲ್ಲ ಪ್ರತಿಗಳಲ್ಲೂ ನೆತ್ತಿಯಲ್ಲೇ ಇರಲಿ ಎಂಬುದಕ್ಕೆ ಅವನು ತಕರಾರೆತ್ತಲಿಲ್ಲ. ಪಿಜ್ಜಾದವನು ಬೀಳಬೇಕೋ ಬೇಡವೋ ಎಂಬುದು ಮಾತ್ರ ಶಿಕಾಗೋ ಬಂದರೂ ಇತ್ಯರ್ಥವಾಗಲಿಲ್ಲ.